ಮೂರನೆಯ ಪ್ಲೇಟು

ಸಿನಿಮಾ ಪ್ಲೇಟಿನಲ್ಲಿ ಸಿನಿಮಾ ಕಾಣಿಸುತ್ತದೆ ಎಂದು ನಾನು ನಂಬಿದ್ದೆ. ನಗಬೇಡಿ. ಎಂಬತ್ತೆರಡನೆಯ ಇಸವಿಯ ದೇವದುರ್ಗದಲ್ಲಿ ಹಾಗೆ ನಂಬುವುದಕ್ಕೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ. ರಾಯಚೂರಿನ ಗ್ರಾಮಾಫೋನ್ ಪ್ಲೇಟಿನ ಅಂಗಡಿಯಲ್ಲಿ ‘ಪೂರ್ತಿ ಚಿತ್ರ, ಎರಡು ಪ್ಲೇಟುಗಳಲ್ಲಿ’ ಎಂದು ಬರೆದದ್ದನ್ನು ಓದಿ ಕೊಂಡು ತಂದಿದ್ದೆ. ಹೊದಿಕೆಯ ಮೇಲೆ ನಾಯಕ ನಾಯಕಿಯರ ಬಣ್ಣದ ಪಟ. ಹೊರಗೇ ಇಷ್ಟು ಚೆನ್ನಾಗಿ ಕಾಣುವವರು ಒಳಗೆ ಇರದೆ ಎಲ್ಲಿಗೆ ಹೋಗುತ್ತಾರೆ? ಪಡಸಾಲೆಯ ಗೋಡೆಗೆ ಹೊಸ ಧೋತರ ಕಟ್ಟಿದೆ, ಓಣಿಯವರನ್ನೆಲ್ಲ ಕರೆದೆ, ಕಿಟಕಿ ಮುಚ್ಚಿಸಿದೆ, ಕರೆಂಟಿನ ರಿಕಾರ್ಡ್ ಪ್ಲೇಯರನ್ನು ಧೋತರದ ಕಡೆ ಮುಖ ಮಾಡಿ ಇಟ್ಟೆ. ಮಾತು ಬಂತು, ಹಾಡು ಬಂತು, ಕುದುರೆ ಓಡಿದ ಸಪ್ಪಳ ಬಂತು. ಧೋತರ ಮಾತ್ರ ಧೋತರವಾಗಿಯೇ ಉಳಿಯಿತು.

ಅರ್ಧ ತಾಸು ಸಹಿಸಿದ ಪಕ್ಕದ ಮನೆಯ ಮುನವ್ವರ್ ಬೀ ಎದ್ದು ಹೋಗಿ ಧೋತರದ ಚುಂಗು ಎತ್ತಿ ಗೋಡೆಯನ್ನು ಪರೀಕ್ಷಿಸಿ ಬಂದರು. “ಇಲ್ಲಿ ಯಾರೂ ಇಲ್ರೀ ಭಾಯಿ” ಎಂದು ವರದಿ ಒಪ್ಪಿಸಿದರು.

ಇನ್ನೊಬ್ಬನಾಗಿದ್ದರೆ ಊರು ಬಿಡುತ್ತಿದ್ದ. ನಾನು ಗುಮಾಸ್ತ, ಹದಿನೆಂಟು ವರ್ಷ ಕಚೇರಿಯಲ್ಲಿ ಕುಳಿತವನಿಗೆ ಅವಮಾನ ಒಂದು ಬಗೆಯ ಹವಾಮಾನ. “ಚಿತ್ರ ಓಡುವುದು ಧೋತರದ ಮೇಲಲ್ಲ, ಕೇಳುವವನ ತಲೆಯೊಳಗೆ. ಅದಕ್ಕೆ ಮೊದಲು ತಲೆ ಇರಬೇಕು” ಎಂದು ಓಣಿಗೆ ಸಾರಿದೆ. ಸಾರಿದ ಮೇಲೆ ನಡೆದು ತೋರಿಸಬೇಕಲ್ಲ? ಅಂದೇ ಪ್ರತಿಜ್ಞೆ ಮಾಡಿದೆ: ನಾಡಿನ ಮಹಾಚಿತ್ರಗಳನ್ನೆಲ್ಲ ಪ್ಲೇಟಿನಲ್ಲಿ ಸಂಗ್ರಹಿಸುತ್ತೇನೆ, ಬಿಡಿ ಪ್ಲೇಟು ಮುಟ್ಟುವುದಿಲ್ಲ, ಪೆಟ್ಟಿಗೆಗಳನ್ನೇ ಕೊಳ್ಳುತ್ತೇನೆ, ದೇವದುರ್ಗಕ್ಕೆ ಒಂದು ಚಿತ್ರಭಂಡಾರ ಕೊಟ್ಟು ಸಾಯುತ್ತೇನೆ.

“ಸಾಯೋದು ಆಮ್ಯಾಲ ನೋಡಾಮು ಮಾವ, ಮೊದಲು ಆ ಧೋತರ ಬಿಚ್ಚಿ ಕೊಡ್ರಿ, ತೊಳಿಯಾಕ ಹಾಕಬೇಕು” ಎಂದಳು ನನ್ನ ಹೆಂಡತಿ ಹಂಪಮ್ಮ.

ಗಂಡನನ್ನು ಮಾವ ಅನ್ನುವುದೇಕೆಂದರೆ, ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯಿದೆ. ಹಂಪಮ್ಮ ನನ್ನ ಅಕ್ಕ ದುರುಗಮ್ಮನ ಮಗಳು. ಹೀಗಾಗಿ ದುರುಗಮ್ಮ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಬೇರೆ ಗಂಡಸರು ಅತ್ತೆ ಬೈದರೆ ಅಕ್ಕನ ಮನೆಗೆ ಹೋಗಿ ಊಟ ಮಾಡಿ ಬರುತ್ತಾರೆ. ನಾನು ಎಲ್ಲಿಗೆ ಹೋಗಲಿ?

ಎರಡು ವರ್ಷದಲ್ಲಿ ಭಂಡಾರಕ್ಕೆ ನಾಲ್ಕು ಪೆಟ್ಟಿಗೆ ಸೇರಿದವು. ಅಷ್ಟರಲ್ಲಿ ಮಾನವಿಯಲ್ಲಿದ್ದ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದು, ಆಕೆ ನಮ್ಮ ಮನೆಗೆ ಬಂದಳು. ರಾಯಚೂರಿನಲ್ಲಿ ಸೋಮವಾರ ಕಣ್ಣಿನ ಶಿಬಿರವಿತ್ತು. ಹೆಸರು ಬರೆಸಿಯಾಗಿತ್ತು. ಹೊರಡಲು ಅಕ್ಕ ಒಪ್ಪಲಿಲ್ಲ.

“ಚಾಕು ಹಾಕಿಸ್ಕೊಳ್ಳಾಕ ನನಗೇನು ಅಂಜಿಕಿಲ್ಲ” ಎಂದಳು. “ಆದ್ರ ಅರವತ್ತು ದಾಟ್ಯಾವು. ಟೇಬಲ್ ಮ್ಯಾಲ ಮಲಗಿಸಿದಾಗ ಏನರ ಆತಂದ್ರ? ಅದಕ್ಕ ಮೊದಲು ಆ ಜಡ್ಜು ತನ್ನ ತಾಯಿನ್ನ ಗುರುತು ಹಿಡದ್ನೋ ಇಲ್ಲೋ, ನನಗ ಗೊತ್ತಾಗಬೇಕು.”

ಯಾವ ಜಡ್ಜು? ಇಪ್ಪತ್ತಾರು ವರ್ಷದ ಹಿಂದಿನವನು. ಮಾನವಿಯ ಟೆಂಟಿನಲ್ಲಿ ಅಕ್ಕ ಒಂದು ಚಿತ್ರ ನೋಡಿದ್ದಳು. ಅದರ ಹೆಸರು ಹೇಳಿದರೆ ಈಗಲೂ ಅಳುವವರಿದ್ದಾರೆ, ಬೇಡ. ಬಡ ತಾಯಿಯೊಬ್ಬಳು ಕೂಸನ್ನು ಕೌದಿಯಲ್ಲಿ ಸುತ್ತಿ ರೈಲು ನಿಲ್ದಾಣದಲ್ಲಿ ಬಿಟ್ಟು ಹೋಗುತ್ತಾಳೆ. ಕೂಸು ಬೆಳೆದು ಜಡ್ಜಾಗುತ್ತದೆ. ಮಾಡದ ಕೊಲೆಯ ಆರೋಪ ಹೊತ್ತು ತಾಯಿ ಅದೇ ಜಡ್ಜಿನ ಎದುರು ಕಟಕಟೆಯಲ್ಲಿ ನಿಲ್ಲುತ್ತಾಳೆ. ಜಡ್ಜು ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಿರುಗಾಳಿ ಬಂದು ಟೆಂಟು ಹಾರಿಹೋಯಿತು. ಮರುದಿನ ಚಿತ್ರ ಮುಂದಿನ ಊರಿಗೆ ಹೋಯಿತು. ಅಂದಿನಿಂದ ಅಕ್ಕ ಸಿಕ್ಕವರನ್ನೆಲ್ಲ ಕೇಳಿದಳು. ತಾಯಿ ಅಲ್ಲೇ ಸತ್ತಳು ಎಂದರು ಗಬ್ಬೂರಿನವರು. ಜಡ್ಜು ನೌಕರಿ ಬಿಟ್ಟ ಎಂದರು ಕಲ್ಮಲದವರು. ಸಿರವಾರದಲ್ಲಿ ಒಬ್ಬರು ತಾಯಿಯ ಮದುವೆಯನ್ನೇ ಮಾಡಿಸಿಬಿಟ್ಟರು.

“ಮಂದಿ ಮಾತು ಸಾಕು. ಪ್ಲೇಟು ಹೇಳಲಿ. ಹೇಳಿದ್ರ ಬಸ್ ಹತ್ತತೀನಿ, ಇಲ್ಲಂದ್ರ ಇಲ್ಲ” ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಶನಿವಾರ ರಾಯಚೂರಿಗೆ ಹೊರಟೆ. ನಿಜ ಹೇಳಿಬಿಡುತ್ತೇನೆ: ನನ್ನ ಮನಸ್ಸಿನಲ್ಲಿದ್ದದ್ದು ಬೇರೆ ಪೆಟ್ಟಿಗೆ. ತೀನ್ ಕಂದೀಲ್ ವೃತ್ತದ ಬಳಿ ದಸ್ತಗೀರ್ ಸಾಬರ ಪ್ಲೇಟಿನ ಅಂಗಡಿಯಿತ್ತು. ಅಲ್ಲಿ ಒಂದು ಐತಿಹಾಸಿಕ ಚಿತ್ರದ ನಾಲ್ಕು ಪ್ಲೇಟಿನ ಪೆಟ್ಟಿಗೆಯನ್ನು ಮೂರು ತಿಂಗಳಿಂದ ಕಣ್ಣಲ್ಲೇ ಸಾಕಿಕೊಂಡಿದ್ದೆ. ಬೆನ್ನ ಮೇಲೆ ಚಿನ್ನದ ಅಕ್ಷರ. ಕಪಾಟಿನಲ್ಲಿ ಅದೊಂದು ನಿಂತರೆ ನನ್ನ ಮನೆತನವೇ ಬದಲಾಗುವಂತಿತ್ತು. ಮಹಾಚಿತ್ರ ಯಾವುದೆಂದು ತೂಗಲು ನಾನೊಂದು ತಖ್ತೆಯನ್ನೂ ಮಾಡಿಕೊಂಡಿದ್ದೆ: ಪ್ಲೇಟುಗಳ ಸಂಖ್ಯೆ, ಪೆಟ್ಟಿಗೆಯ ತೂಕ, ಅಕ್ಷರಗಳ ಹೊಳಪು, ಷರಾ. ತಾಯಿ ಮಗನ ಚಿತ್ರಕ್ಕೆ ಷರಾದಲ್ಲಿ ‘ಅಳು ಜಾಸ್ತಿ, ರಟ್ಟು ತೆಳುವು’ ಎಂದು ಬರೆದಿದ್ದೆ. ಅದು ಸಿಗಲಿಲ್ಲ ಎಂದು ಮನೆಯಲ್ಲಿ ಹೇಳಿ, ಚಿನ್ನದ ಅಕ್ಷರ ತರುವುದು ನನ್ನ ಯೋಜನೆ.

“ಆಯಿಯೇ ಯಂಕೋಬ ಸಾಬ್” ಎಂದು ದಸ್ತಗೀರ್ ಸಾಬರು ನಾನು ಬಾಯಿ ಬಿಡುವ ಮೊದಲೇ ತೆಳು ರಟ್ಟಿನ ಪೆಟ್ಟಿಗೆಯನ್ನು ದಾರ ಕಟ್ಟಿ ಮುಂದಿಟ್ಟರು.

“ಇದಲ್ಲ ಸಾಬ್ರ. ಆ ಚಿನ್ನದ್ದು.”

“ಅದು ಕೊಡಂಗಿಲ್ರಿ.”

“ಯಾಕ? ಮಾರಿದ್ರೇನು?”

“ಮಾರಿಲ್ಲ. ಮುಂಜಾನಿ ಬಸ್ಸಿನ ಕಂಡಕ್ಟರ್ ಕೈಲಿ ಹಂಪಮ್ಮ ಅಕ್ಕಾರು ಹೇಳಿ ಕಳಿಸ್ಯಾರ. ‘ಮಾವ ಬಂದು ಬ್ಯಾರೆ ಕೇಳ್ತಾರ, ಕೊಡಬ್ಯಾಡ್ರಿ. ಕೊಟ್ರ ನಾನೇ ಬರ್ತೀನಿ’ ಅಂದಾರ.” ಸಾಬರು ದನಿ ತಗ್ಗಿಸಿದರು. “ನೀವು ಬಂದ್ರ ನಾ ಅಂಜಂಗಿಲ್ರಿ ಸಾಬ್. ಅವರು ಬರೋದು ಬ್ಯಾಡ.”

ನಮ್ಮ ಬಸ್ಸಿನಲ್ಲಿ ಹಾಲು, ಔಷಧಿ, ಬುತ್ತಿಗಂಟು, ಎಲ್ಲ ಕಂಡಕ್ಟರ್ ಕೈಯಲ್ಲಿ ಸಾಗುತ್ತವೆ. ನನ್ನ ಮಾನವೂ ಹಾಗೆ ಸಾಗಿದ್ದು ಅದೇ ಮೊದಲು. ತೆಳು ರಟ್ಟಿನದನ್ನೇ ಹಿಡಿದು ನಡೆದೆ. “ಹುಷಾರ್ ಸಾಬ್, ಇರೋದು ಒಂದೇ. ಇನ್ನೊಂದು ಹೈದರಾಬಾದಿನಿಂದ ಬರಾಕ ಹದಿನೈದು ದಿನ” ಎಂದು ಸಾಬರು ಹಿಂದಿನಿಂದ ಕೂಗಿದರು.

ಬಸ್ಸಿನಲ್ಲಿ ಡ್ರೈವರ್ ಉರುಕುಂದಪ್ಪನ ಪಕ್ಕ ಇಂಜಿನ್ನಿನ ಮೇಲಿನ ಬಾನೆಟ್ ನಮ್ಮ ಕಡೆ ಸಿಂಹಾಸನವಿದ್ದಂತೆ. ಅಲ್ಲಿಟ್ಟ ಸಾಮಾನು ಇಡೀ ಬಸ್ಸಿಗೆ ಕಾಣುತ್ತದೆ. ಪೆಟ್ಟಿಗೆಯನ್ನು ಅಲ್ಲಿ ಇಟ್ಟೆ.

“ಬ್ಯಾಡ್ರಿ ಯಪ್ಪಾ, ತೊಡಿ ಮ್ಯಾಲ ಇಟ್ಗೊಳ್ರಿ. ಬ್ಯಾಸಿಗಿ ಅದ” ಎಂದ ಉರುಕುಂದಪ್ಪ.

“ಇದು ಕಲೆ ಉರುಕುಂದಪ್ಪ. ತೊಡೆಯ ಮೇಲೆ ಇಡುವ ವಸ್ತುವಲ್ಲ” ಎಂದೆ.

ಕಲ್ಮಲದಲ್ಲಿ ಒಬ್ಬರು ಅದೇನೆಂದು ಕೇಳಿದರು, ಹೇಳಿದೆ. ಗಬ್ಬೂರಿನಲ್ಲಿ ಯಾರೂ ಕೇಳಲಿಲ್ಲ, ಆದರೂ ಹೇಳಿದೆ. ಎರಡೂವರೆ ತಾಸು, ಮೇ ತಿಂಗಳ ಬಿಸಿಲು, ಕೆಳಗೆ ಕುದಿಯುವ ಇಂಜಿನ್ನು. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದೆ. ಮೇಲಿನ ಎರಡು ಪ್ಲೇಟು ಸ್ವಲ್ಪ ಅಲುಗಿದರೂ ಸರಿಯಿದ್ದವು. ಬಾನೆಟ್ಟಿಗೆ ಹತ್ತಿಕೊಂಡಿದ್ದ ಮೂರನೆಯದು, ಅಂದರೆ ಜಡ್ಜು ಬಾಯಿ ತೆರೆಯುವ ಪ್ಲೇಟು, ಬಾಣಲೆಯಾಗಿತ್ತು.

ಹಂಪಮ್ಮ ಅದನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿದಳು. “ಮಂಡಾಳ ಚುರುಮುರಿ ಹಾಕ್ಕೊಂಡು ತಿನ್ನಾಕ ಚೊಲೋ ಆಗ್ಯದ” ಎಂದಳು. ಆಮೇಲೆ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅವ್ವ ಬಸ್ ಹತ್ತಂಗಿಲ್ಲ ಮಾವ. ಈ ಶಿಬಿರ ತಪ್ಪಿದ್ರ ಮತ್ತ ಆರು ತಿಂಗಳ. ಅಷ್ಟೊತ್ತಿಗಿ ಕಣ್ಣು ಪೂರಾ ಹೋಗ್ತಾವಂತ ಡಾಕ್ಟರ್ ಹೇಳ್ಯಾರ. ಏನು ಮಾಡ್ತೀರೋ ಮಾಡ್ರಿ.”

ಆಗ ನನಗೆ ನಗು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಬಿಸಿ ಹಾಸುಗಲ್ಲಿನ ಮೇಲೆ ಪ್ಲೇಟು ಬೋರಲು ಹಾಕಿ, ಮೇಲೆ ಎರಡು ಜೋಳದ ಚೀಲ ಹೇರಿ, ಅದರ ಮೇಲೆ ನಾನೂ ಕುಳಿತೆ. ಒಂದು ತಾಸಿನ ನಂತರ ತೆಗೆದರೆ ಪ್ಲೇಟು ಚಪ್ಪಟೆಯಾಗಿತ್ತು. ಆದರೆ ಗೋಣಿಯ ನೇಯ್ಗೆ ಇಡಿಯಾಗಿ ಅದರ ಮೇಲೆ ಅಚ್ಚಾಗಿತ್ತು. ಮುಳ್ಳು ಇಟ್ಟರೆ ಜಡ್ಜಿನ ಬಾಯಿಂದ ಜೋಳ ಒಡೆಯುವ ಗಿರಣಿಯ ಸಪ್ಪಳ ಬರುತ್ತಿತ್ತು.

ಉಳಿದದ್ದು ಒಂದೇ ದಾರಿ. “ಕೊನೆಯ ಪ್ಲೇಟು ನಾನೇ ಆಗುತ್ತೇನೆ” ಎಂದೆ.

“ಅಂದ್ರ?”

“ಪ್ಲೇಯರ್ ಒಳಕೋಣೆಯಲ್ಲಿ, ಅಡ್ಡ ಪರದೆ. ಎರಡು ಪ್ಲೇಟು ಮುಗಿದ ಮೇಲೆ ನಾನು ಮಾತಾಡುತ್ತೇನೆ. ಸೀಮೆಎಣ್ಣೆ ಲಾಳಿಕೆ ಬಾಯಿಗಿಟ್ಟರೆ ಥೇಟ್ ಪ್ಲೇಟಿನ ದನಿ.”

“ಅವ್ವ ನಿಮ್ಮನ್ನ ತೊಟ್ಟಲದಾಗ ಹಾಕಿ ತೂಗ್ಯಾಳ. ನಿಮ್ಮ ಅಳೂನೂ ಗೊತ್ತು ಆಕಿಗಿ.”

“ಅದಕ್ಕೇ ಲಾಳಿಕೆ” ಎಂದೆ.

ಮಧ್ಯಾಹ್ನ ಮೂರಕ್ಕೆ ಅಕ್ಕ ಪಡಸಾಲೆಯ ಮಂಚದ ಮೇಲೆ ಫ್ಯಾನಿನ ಕೆಳಗೆ ಕುಳಿತಳು. ಸುತ್ತ ಮುನವ್ವರ್ ಬೀ, ತಿಮ್ಮವ್ವ, ಓಣಿಯ ಇನ್ನೂ ಐದಾರು ಹೆಂಗಸರು. ಮೊದಲ ಪ್ಲೇಟಿಗೆ ಮೂಗು ಒರೆಸುವ ಸದ್ದು ಬಂತು. ಎರಡನೆಯದಕ್ಕೆ ತಿಮ್ಮವ್ವ ಬಾಯಿಬಿಟ್ಟು ಅತ್ತಳು. ಕೊನೆಗೆ ಕೋರ್ಟಿನಲ್ಲಿ ಟೊಕ್ ಟೊಕ್ ಎಂದು ಸುತ್ತಿಗೆ ಬಡಿದು, ಎರಡನೆಯ ಪ್ಲೇಟು ಮುಗಿಯಿತು. ನಾನು ಮುಳ್ಳು ಎತ್ತಿಟ್ಟೆ. ಇಪ್ಪತ್ತಾರು ವರ್ಷದ ಹಿಂದೆ ಟೆಂಟು ಹಾರಿದ ಜಾಗ ಅದು.

ಕಣ್ಣು ಮುಚ್ಚಿ, ಲಾಳಿಕೆ ಎತ್ತಿ, ಮೊದಲು ಸರ್‍ರ್ ಎಂದು ಮುಳ್ಳಿನ ಸದ್ದು ಮಾಡಿದೆ. ಆಮೇಲೆ ಜಡ್ಜಾದೆ.

“ಸದರಿ ಮಹಿಳೆಯು ಈ ನ್ಯಾಯಾಲಯದ ಮುಂದೆ ಹಾಜರಾಗಿದ್ದು, ಮೇಲ್ಕಾಣಿಸಿದ ಕೊಲೆಯ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ...”

ಹದಿನೆಂಟು ವರ್ಷದ ಗುಮಾಸ್ತಿಕೆ ಎಲ್ಲಿಗೆ ಹೋಗುತ್ತದೆ? ಜಡ್ಜಿನ ಬಾಯಿಂದ ಕಚೇರಿಯ ಕಾಗದಗಳೇ ಹೊರಟವು. ನಡುವೆ ತಾಯಿಯಾಗಿ ಕೀರಲು ದನಿಯಲ್ಲಿ ಅತ್ತೆ. ಪೊಲೀಸನಾಗಿ ಗದರಿದೆ. ಕೋರ್ಟಿನ ಜನವಾಗಿ ಗುಸುಗುಸು ಅಂದೆ. ಕೌದಿಯ ತುಂಡು ಸಿಕ್ಕಿತು, ಮಗ ಗುರುತು ಹಿಡಿದ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಜೀವನದಲ್ಲಿ ಮೊದಲ ಬಾರಿ ಯಾರೂ ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳುತ್ತಿದ್ದರು, ಬಿಡುವುದು ಹೇಗೆ? ಮಗನಿಂದ ತಾಯ್ತನದ ಮೇಲೆ ಭಾಷಣ ಮಾಡಿಸಿದೆ. ವಕೀಲನಿಂದ ವಂದನಾರ್ಪಣೆ ಮಾಡಿಸಿದೆ.

“ಆ ಹುಡುಗ ಅಳಾಕತ್ತಾನೇನು?” ಎಂದು ಪಡಸಾಲೆಯಿಂದ ಅಕ್ಕ ಕೇಳಿದಳು.

“ಹೌದು, ಅಳುತ್ತಿದ್ದೇನೆ” ಎಂದ ಜಡ್ಜು.

ಪ್ಲೇಟುಗಳು ಉತ್ತರ ಕೊಡುವುದಿಲ್ಲ ಎಂದು ಹೊಳೆಯುವಷ್ಟರಲ್ಲಿ ಮಾತು ಲಾಳಿಕೆ ದಾಟಿತ್ತು. ಪರದೆ ಮೂರು ಸಲ ಜಗ್ಗಿತು. ಹಂಪಮ್ಮ ಇನ್ನಷ್ಟು ಭಾವ ಕೇಳುತ್ತಿದ್ದಾಳೆಂದು ತಿಳಿದು ತಾಯಿಯನ್ನು ಇನ್ನೊಂದು ಸಲ ಅಳಿಸಿದೆ.

ಮುಗಿಸಿ, ಮುಖ ಒರೆಸಿಕೊಂಡು, ಏನೂ ತಿಳಿಯದವನಂತೆ ಹೊರಗೆ ಬಂದೆ. ಹೆಂಗಸರೆಲ್ಲ ಕೆಂಪಗಾಗಿ, ಬೆವತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕಲೆಯ ಬಿಸಿ ಎಂದುಕೊಂಡೆ. ಮುನವ್ವರ್ ಬೀ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ದುಃಖ ತಡೆಯುವ ಬಗೆ ಅದು ಎಂದುಕೊಂಡೆ. ಅಕ್ಕ ಮಂಚದಿಂದ ಕಾಲು ಇಳಿಬಿಟ್ಟು ಕುಳಿತಳು.

“ಹಂಪೀ, ಬುತ್ತಿ ಕಟ್ಟು” ಎಂದಳು ಕೊನೆಗೆ. “ನಾಳಿ ಮೊದಲನೇ ಬಸ್ಸಿಗಿ ಹೋಗಾಮು.”

ನನ್ನ ಎದೆ ಬಾನೆಟ್ಟಿನಂತೆ ಉಬ್ಬಿತು. ಸೋಮವಾರ ದಾರಿಯುದ್ದಕ್ಕೂ ಹಂಪಮ್ಮನ ಕಿವಿಯಲ್ಲಿ, “ವೈದ್ಯರು ಕತ್ತರಿಸುವುದು ಇವತ್ತು, ವಾಸಿ ಮಾಡಿದ್ದು ನಾನು” ಎಂದು ಹೇಳುತ್ತ ಹೋದೆ. ಆಕೆ ಕಿಟಕಿಯ ಹೊರಗೆ ನೋಡುತ್ತ ಭುಜ ಕುಣಿಸುತ್ತಿದ್ದಳು. ಬಸ್ಸಿನ ಕುಲುಕಾಟ ಎಂದುಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ದಸ್ತಗೀರ್ ಸಾಬರು ಮೋಸಂಬಿ ತೆಗೆದುಕೊಂಡು ನೋಡಲು ಬಂದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಕ್ಕ ದನಿಯಿಂದಲೇ ಗುರುತು ಹಿಡಿದಳು.

“ಸಾಬಣ್ಣ, ಆ ತಾಯಿ ಮಗಂದು ಇನ್ನೊಂದು ಪೆಟ್ಟಿಗಿ ತರಿಸಿಬಿಡು. ಬಂದ ಕೂಡ್ಲೆ ನನಗ ಹೇಳು. ಇವನ ಕೈಗಿ ಕೊಡಬ್ಯಾಡ.”

“ಯಾಕಕ್ಕಾ? ಮೊನ್ನೆ ಪೂರ್ತಿ ಕೇಳಿದೆಯಲ್ಲ” ಎಂದೆ.

“ಕೇಳಿದ್ನಪ್ಪ. ಆ ಕೊನಿ ಕೇಳಿ ಸಾಯಾಕ ನನಗ ಮನಸ್ಸು ಒಪ್ಪಲಿಲ್ಲ. ಖರೇ ಕೊನಿ ಕೇಳಾತನ ಹೆಂಗರ ಮಾಡಿ ಬದುಕಬೇಕಂತ ನಿಶ್ಚಯ ಮಾಡಿ ಬಸ್ ಹತ್ತೀನಿ.”

ಸಾಬರು ಮೋಸಂಬಿ ಸುಲಿಯುವುದನ್ನು ನಿಲ್ಲಿಸಿದರು. ಹಂಪಮ್ಮನ ಭುಜ ಕುಣಿಯತೊಡಗಿತು, ಆಸ್ಪತ್ರೆ ಅಲುಗುತ್ತಿರಲಿಲ್ಲ. ಅಲ್ಲಿಗಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಕಲಾವಿದನಿಗೆ ತನ್ನ ಲೋಪ ಎಲ್ಲಿ ಎಂದು ತಿಳಿಯುವ ಹಂಬಲ ಇರುತ್ತದೆ ನೋಡಿ.

“ಇರಲಿ ಅಕ್ಕಾ, ಒಂದು ಮಾತು ಹೇಳು” ಎಂದೆ. “ಅದು ನಾನೇ ಅಂತ ನಿನಗೆ ಜಡ್ಜಿನ ದನಿಯಲ್ಲಿ ಗೊತ್ತಾಯಿತೋ, ತಾಯಿಯ ಅಳುವಿನಲ್ಲೋ?”

ಅಕ್ಕ ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದಳು.

“ಲೇ ಯಂಕೋಬ, ನಿನ್ನ ಜಡ್ಜು ಬಾಯಿ ತೆರಿಯೋದ್ಕಿಂತ ಮೊದಲೇ ಕರೆಂಟ್ ಹೋಗಿತ್ತು.”