ಕಾರಿನ ನೆಲಕ್ಕೆ ಕರಿ ಕಂಬಳಿ

ಮನುಷ್ಯನಾದವನು ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ನಿಲ್ಲಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ನನ್ನ ಕಾರಿನಲ್ಲಿ ಕೂತವರಲ್ಲ.

ಚಿತ್ರದುರ್ಗದ ಬೇಸಿಗೆಯಲ್ಲಿ ಆ ಕಾರಿನ ನೆಲ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಕೆಳಗಿನಿಂದ ಏಳುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ನನಗೇನೂ ಇದು ತೊಂದರೆ ಎನಿಸಿರಲಿಲ್ಲ. ಹೆಂಡತಿ ಗಿರಿಜಾ ಏನು ಹೇಳಿದರೂ ತಲೆಯಾಡಿಸಿಬಿಡುತ್ತಿದ್ದೆ.

ಅಷ್ಟರಲ್ಲಿ ಮಗಳ ಮದುವೆಯ ಮಾತು ಬಂತು. ಹೊಸದುರ್ಗದ ಹುಡುಗ. ಅವಳೂ ಒಪ್ಪಿದ್ದಳು, ಅವನೂ ಒಪ್ಪಿದ್ದ. ಹುಡುಗನ ಮನೆ ನೋಡಿ ಮಾತು ಮುಗಿಸುವುದಷ್ಟೇ ಬಾಕಿ. ಮುಗಿಸುವ ಅಧಿಕಾರ ಮಾತ್ರ ಗಿರಿಜಾಳ ದೊಡ್ಡಪ್ಪನವರದು. ತುರುವನೂರಿನ ಈ ಹಿರಿಯರಿಲ್ಲದೆ ಆ ಮನೆತನದಲ್ಲಿ ಒಂದು ವೀಳ್ಯದೆಲೆಯೂ ಕೈ ಬದಲಾಯಿಸಿದ್ದಿಲ್ಲ. ಅವರದೊಂದು ಅಭ್ಯಾಸವೆಂದರೆ, ಮಾತು ಕೊಂಚ ಹೆಚ್ಚುಕಡಿಮೆಯಾದರೂ ಟವೆಲ್ ಕೊಡವಿ ಹೆಗಲಿಗೆ ಹಾಕಿ ಎದ್ದು ಹೊರಟುಬಿಡುವುದು. ಹಿರಿಯೂರಿನ ಸಂಬಂಧ ಹೋದದ್ದು ಹಾಗೆಯೇ. ಪಾಯಸ ಬಡಿಸುವ ಮೊದಲೇ!

ಫೋನ್ ಮಾಡಿದೆ.

"ಬರ್ತೀನಿ ಅಳಿಯಂದ್ರೇ. ಆದ್ರೆ ನಿಮ್ಮ ಕಾರು ಬ್ಯಾಡ. ಹೋದ್ಸಲ ಅಂಗಾಲು ಬೊಬ್ಬೆ ಎದ್ದಿದ್ವು."

"ಈ ಸಲ ನೆಲ ತಣ್ಣಗಿರುತ್ತೆ. ನನ್ನ ಮಾತು," ಎಂದೆ.

ಗ್ಯಾರೇಜಿನವರು ಬೆಳ್ಳಿ ಬಣ್ಣದ ಹಾಳೆ ಮೆತ್ತಿದ ಸ್ಪಂಜು ತೋರಿಸಿದರು. ನಾನು ನಕ್ಕೆ. ನಮ್ಮ ಸೀಮೆಯ ಕುರಿ ಉರಿಬಿಸಿಲಿನಲ್ಲಿ ಉಣ್ಣೆ ಹೊದ್ದು ನಿಂತೂ ಎಂದಾದರೂ ತಕರಾರು ತೆಗೆದದ್ದುಂಟೆ? ಕರಿ ಕಂಬಳಿ ತಂದೆ.

ಸೀಟು ಬಿಚ್ಚಿ, ಹಳೆಯ ಕಾರ್ಪೆಟ್ ಕಿತ್ತು, ಕಂಬಳಿಯನ್ನು ಮಡಿಸಿ, ಚಪ್ಪಲಿಗೆ ಹಚ್ಚುವ ಅಂಟಿನಿಂದ ನೆಲಕ್ಕೆ ಅಂಟಿಸಿದೆ. ಜೊತೆಗೆ ನನ್ನ ಪಂಚೆಯೂ ಅಂಟಿತು. ಅದರ ಒಂದು ಭಾಗವನ್ನು ಕಾರಿಗೆ ಬಿಟ್ಟುಕೊಟ್ಟು ಹೊರಬಂದೆ. ಮೇಲೆ ಕಾರ್ಪೆಟ್ ಹಾಸಲು ಹೋದರೆ ಬಾಗಿಲು ಮುಚ್ಚಲಿಲ್ಲ. ಕಾರ್ಪೆಟ್ ಕೈಬಿಟ್ಟೆ.

"ರೀ, ಸೀಟಿನ ಬೋಲ್ಟು ಇಲ್ಲೇ ಅವಲ್ಲ?" ಎಂದಳು ಗಿರಿಜಾ.

"ಕಂಪನಿಯವರು ಒಂದೆರಡು ಹೆಚ್ಚಿಗೆ ಹಾಕಿರ್ತಾರೆ."

"ಅವ್ರಿಗೇನು ಬ್ಯಾರೆ ಕೆಲ್ಸ ಇಲ್ವಾ?"

ಮತ್ತೆ ಸೀಟು ಬಿಚ್ಚಿದೆ.

ಪರೀಕ್ಷೆಗೆಂದು ಕಾರು ಹೊರಡಿಸಿದೆ. ನೆಲ ತಣ್ಣಗಿತ್ತು. ಸದ್ದು ಅರ್ಧಕ್ಕರ್ಧ ಇಳಿದಿತ್ತು! ಕಣ್ಣು ತುಂಬಿ ಬಂತು. ಎಮ್ಮೆಯೊಂದು ನಮ್ಮನ್ನು ಹಿಂದೆ ಹಾಕಿ ಹೋದಾಗ ಕಾರಣ ತಿಳಿಯಿತು. ಕಂಬಳಿಯ ದಪ್ಪಕ್ಕೆ ಆಕ್ಸಿಲರೇಟರ್ ಕೆಳಗೆ ಇಳಿಯುತ್ತಿರಲಿಲ್ಲ. ಅಷ್ಟು ಭಾಗ ಕತ್ತರಿಸಿ ತೆಗೆದೆ. ವೇಗ ಬಂತು. ಸದ್ದೂ ಬಂತು.

ಹೊರಡುವ ದಿನ ದೊಡ್ಡಪ್ಪನವರು ನಮ್ಮ ಗೇಟಿನೆದುರು ಕಾರಿನ ಬಾಗಿಲು ತೆರೆದವರು ತಟ್ಟನೆ ನಿಂತರು.

"ಇದೇನ್ರಿ ಅಳಿಯಂದ್ರೇ, ಕಂಬಳಿ ಐತೆ!"

"ತಂಪಿಗೆ," ಎಂದೆ ವಿನಯದಿಂದ.

"ಕಂಬಳಿ ಹಾಸಿ, ಕಳಸ ಇಟ್ಟು ಪೂಜೆ ಮಾಡೋ ಜನ ನಾವು. ಮೆಟ್ಟಾಕ್ಕಂಡು ತುಳಿಯಾಕಾಗ್ತದೇನ್ರಿ?"

ಮೆಟ್ಟು ಕಳಚಿ, ಕಂಬಳಿಗೆ ಕೈಮುಗಿದು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗಿರಿಜಾ ಚಪ್ಪಲಿ ಕಳಚಿದಳು. ಹಿರಿಯರೆದುರು ನಾನೊಬ್ಬ ತುಳಿಯುವುದು ಚೆನ್ನಾಗಿರುವುದಿಲ್ಲವೆಂದು ನಾನೂ ಕಳಚಿದೆ. ಗುಡಿಯ ಬಾಗಿಲಲ್ಲಿ ಬಿಟ್ಟಂತೆ ಬೀದಿಯಲ್ಲೇ ಬಿಟ್ಟೆವು.

ಹೊಳಲ್ಕೆರೆ ದಾಟಿದರೂ ಯಾರಿಗೂ ಅದು ಹೊಳೆಯಲಿಲ್ಲ. ಹೊಸದುರ್ಗದಲ್ಲಿ, ನಡುಮಧ್ಯಾಹ್ನ, ಬೀಗರಾಗಬೇಕಾದವರ ಕಲ್ಲುಚಪ್ಪಡಿಯ ಅಂಗಳದೆದುರು ಬಾಗಿಲು ತೆರೆದಾಗ ಹೊಳೆಯಿತು.

"ನನ್ನ ಮೆಟ್ಟೆಲ್ಲಿ?" ಎಂದರು ದೊಡ್ಡಪ್ಪನವರು.

ಉತ್ತರ ಫೋನಿನಲ್ಲಿ ಬಂತು. ನಮ್ಮ ಪಕ್ಕದ ಮನೆಯವರು! "ಏನ್ ಸಾರ್, ಗೇಟಿನ ಮುಂದೆ ಚಪ್ಪಲಿ ಸಾಲಾಗಿ ಅವೆ, ಬಾಗಿಲಿಗೆ ಬೀಗ ಐತೆ. ಎಲ್ಲಾರೂ ಆರಾಮಿದೀರಾ?"

ಮೂವರೂ ಕುಣಿಯುತ್ತ ಅಂಗಳ ದಾಟಿದೆವು. ಹುಡುಗನ ತಾಯಿ ಭಕ್ತಿಯಿಂದ ಕೇಳಿದರು: "ಬರಿಗಾಲಾಗೆ ಬಂದೀರಲ್ಲ, ಹರಕೆನಾ?"

"ಹೂಂ ಕಣ್ರಿ," ಎಂದಳು ಗಿರಿಜಾ ನನ್ನತ್ತ ನೋಡಿ. "ಹೊತ್ತಿದ್ದು ಇವ್ರು. ತೀರಿಸ್ತಿರೋದು ನಾವು."

ಮಾತುಕತೆ ಶುರುವಾಯಿತು. "ಮದುವೆ ನಮ್ಮೂರಾಗೇ ಆಗ್ಲಿ," ಎಂದರು ಹುಡುಗನ ಸೋದರಮಾವ. ದೊಡ್ಡಪ್ಪನವರು ಟವೆಲ್ ಕೊಡವಿದರು. ಹೆಗಲಿಗೆ ಹಾಕಿದರು. ಎದ್ದರು. ಗಿರಿಜಾ ನನ್ನ ತೋಳು ಹಿಡಿದಳು. ಮನೆಗೆ ಹೋಗಿ ಮಗಳಿಗೆ ಏನು ಹೇಳುವುದೆಂದು ನಾನು ಯೋಚಿಸತೊಡಗಿದೆ.

ಅವರು ಹೊಸ್ತಿಲ ತನಕ ಹೋದರು. ಅಂಗಳಕ್ಕೆ ಒಂದು ಕಾಲಿಟ್ಟರು. ಅದನ್ನು ವಾಪಸು ತೆಗೆದುಕೊಂಡರು. ಮೂಲೆಯಲ್ಲಿ ಮನೆಯವರ ಚಪ್ಪಲಿಗಳಿದ್ದವು. ಆದರೆ ಇನ್ನೊಬ್ಬರ ಮೆಟ್ಟು ಮೆಟ್ಟುವ ಮನೆತನ ಅದಲ್ಲ. ಬಂದು ಕೂತರು.

"ಗಾಳಿಗೆ ಎದ್ದಿದ್ದೆ," ಎಂದರು ಗಂಭೀರವಾಗಿ. "ಮಾತಾಡ್ರಿ."

ಊಟದ ನಂತರ ಇನ್ನೊಮ್ಮೆ ಎದ್ದರು. ಬಿಸಿಲು ಹಾಗೇ ಇತ್ತು. ಇನ್ನೊಮ್ಮೆ ಕೂತರು. ಅಂಗಳಕ್ಕೆ ನೆರಳು ಬರುವ ಹೊತ್ತಿಗೆ ಎದ್ದು ಹೋಗಲು ಯಾವ ವಿಷಯವೂ ಉಳಿದಿರಲಿಲ್ಲ. ವೀಳ್ಯ ಬದಲಾಯಿಸಿಕೊಂಡರು.

ನಾನು ಮೆಚ್ಚುಗೆಗಾಗಿ ಗಿರಿಜಾಳ ಕಡೆ ನೋಡಿದೆ. ಅವಳು ತನ್ನ ಅಂಗಾಲು ನೋಡಿಕೊಳ್ಳುತ್ತಿದ್ದಳು.

ಮದುವೆ ಹೊಸದುರ್ಗದಲ್ಲೇ ಎಂದು ನಿಶ್ಚಯವಾಯಿತು. ದೊಡ್ಡಪ್ಪನವರು ಬೀಗರ ಕಾರಿನಲ್ಲಿ ತುರುವನೂರಿಗೆ ಹೋದರು.