ಸೊಪ್ಪಿಗೆ ಕತ್ತಿ, ಸೊಂಟಕ್ಕೆ ಸುಖ

ಮಹಾ ಸಂಶೋಧನೆಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಬೇಡವೆಂದರೂ ಬಿಡುವುದಿಲ್ಲ, ನಾನೇನು ಮಾಡಲಿ?

ವೇಲಚೇರಿಯ ಅಪಾರ್ಟ್‌ಮೆಂಟುಗಳ ಹಿಂದೆ, ಹಸಿರು ಬಲೆಯ ನೆರಳಲ್ಲಿ ಲೆಟ್ಯೂಸ್ ಬೆಳೆದು ಮಾರುವ ತುಂಡು ತೋಟ ನನ್ನದು. ಚೆನ್ನೈ ಬಿಸಿಲಿಗೆ ನಾನು ಬಾಡಿದರೂ ನನ್ನ ಸೊಪ್ಪು ಬಾಡುವುದಿಲ್ಲ. ತೊಂದರೆ ಒಂದೇ, ಕೊಯ್ಯಲು ಬಗ್ಗಬೇಕು. ಹಿಂದೊಮ್ಮೆ ಸೊಂಟ ಹಿಡಿದು ಮಲಗಿದ್ದಾಗ ನನ್ನವಳು ಎಣ್ಣೆ ತಿಕ್ಕುತ್ತಲೇ ತೀರ್ಪು ಕೊಟ್ಟಿದ್ದಳು: "ಇನ್ನೊಂದು ಸಲ ಹಿಡೀತೋ, ತೋಟ ಬಂದ್. ನೋಡಿ ಮತ್ತೆ!"

ಬಗ್ಗದೆ ಕೊಯ್ಯುವ ವಿದ್ಯೆ ಲೋಕಕ್ಕೆ ದಕ್ಕಿದ್ದು ಹೀಗೆ.

ಸಾಣೆ ಹಿಡಿದ ಸಟ್ಟುಗ

ನನ್ನ ಗಿರಾಕಿ, ಪಕ್ಕದ ಗಿಂಡಿ ಬಡಾವಣೆಯಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ಮಾಲೀಕರು. ಅವರ ಅಡುಗೆಯವರು ಕಾವಲಿಯಿಂದ ದೋಸೆ ಎಬ್ಬಿಸುವುದನ್ನು ನೋಡಿದೆ. ತಲೆಯಲ್ಲಿ ಮಿಂಚು! ಹಳೇ ಸಟ್ಟುಗಕ್ಕೆ ಸಾಣೆ ಹಿಡಿಸಿ, ಉದ್ದನೆಯ ಬಿದಿರಿನ ಹಿಡಿ ಕಟ್ಟಿದೆ. ಮುಂಜಾನೆ ನೆಟ್ಟಗೆ ನಿಂತು ಸರ್ರನೆ ತಳ್ಳಿದೆ ನೋಡಿ, ಸಾಲಿಗೆ ಸಾಲೇ ಎದ್ದು ಬಂತು! ಬುಟ್ಟಿ ತುಂಬಿಸಿ ಕಳಿಸಿದೆ.

ಮಾಲೀಕರ ಫೋನ್ ಬಂತು. "ಸೊಪ್ಪು ಚೆಂದ ಉಂಟು ಮಾರಾಯ್ರೆ. ಜೊತೆಗೆ ನಿಮ್ಮ ತೋಟವೂ ಬಂದಿದೆ. ಮಣ್ಣು ವಾಪಸ್ ಕಳಿಸ್ಲಾ, ಇಲ್ಲೇ ಬೀಜ ಹಾಕ್ಲಾ?"

ಚಕ್ರದ ಮಣೆ

ನಿಂತು ಆಗದಿದ್ದರೆ ಕೂತು. ಊಟದ ಮಣೆಗೆ ಹಳೇ ಸೂಟ್‌ಕೇಸಿನ ಚಕ್ರ ಜಡಿದೆ. ಸಾಲುಗಳ ನಡುವೆ ಸಿಮೆಂಟ್ ಹಾದಿ. ಮಣೆ ಮೇಲೆ ಪದ್ಮಾಸನ, ಕೈಯಲ್ಲಿ ಚಾಕು, ಮಡಿಲಲ್ಲಿ ಬುಟ್ಟಿ. ಮಹಾರಾಜರಿಗೂ ಇಂಥ ಸವಾರಿ ಇರಲಿಲ್ಲ.

ಹಾದಿ ಇಳಿಜಾರೆಂಬುದು ಮಣೆಗೆ ಮೊದಲೇ ಗೊತ್ತಿತ್ತು, ನನಗೆ ಆಮೇಲೆ ಗೊತ್ತಾಯಿತು. ಸೊಪ್ಪೆಲ್ಲ ಹಿಂದುಳಿಯಿತು. ನಾನು ಗೇಟು ದಾಟಿ, ರಸ್ತೆ ಬದಿಯ ಟೀ ಅಂಗಡಿಯ ಬೆಂಚಿಗೆ ಗುದ್ದಿ ನಿಂತೆ.

ಟೀ ಅಂಗಡಿಯವನು ಹಾಲಿನ ಪಾತ್ರೆಯಿಂದ ತಲೆಯೆತ್ತದೆ ಕೇಳಿದ, "ಸಾರ್, ಸ್ಟ್ರಾಂಗಾ, ಲೈಟಾ?"

ಪರಮ ಭಂಗಿ

ಕೊನೆಗೆ ಹಳೇ ದಾರಿಯೇ ಗತಿಯೆಂದು ಬಗ್ಗಿದೆ. ಕಳಕ್! ಸೊಂಟ ಹಿಡಿಯಿತು. ಮೇಲೇಳುವಂತಿಲ್ಲ. ಅಷ್ಟರಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ನನ್ನವಳು ಬಂದೇಬಿಟ್ಟಳು.

ಸಿಕ್ಕಿಬಿದ್ದರೆ ತೋಟ ಬಂದ್. ಬಗ್ಗಿದವನು ಬಗ್ಗಿದಂತೆಯೇ ಕೊಯ್ಯುತ್ತ ಹೋದೆ. ಬಲಿತದ್ದು ಮುಗಿಯಿತು. ಎಳೆಯದಕ್ಕೂ ಕೈ ಹಾಕಿದೆ. ಅದೂ ಮುಗಿದು ಕಳೆ ಕೀಳತೊಡಗಿದೆ.

"ಏನ್ರೀ ಇದು, ಒಂದು ಸಲಾನೂ ಎದ್ದು ನಿಲ್ಲಲಿಲ್ವಲ್ಲ! ಸೊಂಟ ನೋಯಲ್ವಾ?"

"ಅದೇ ಗುಟ್ಟು ಕಣೇ," ಎಂದೆ ನೆಲಕ್ಕೆ ಮುಖ ಮಾಡಿ. "ಮೇಲೆ ಕೆಳಗೆ ಆಡಿಸೋದರಿಂದಲೇ ಸೊಂಟ ಕೆಡೋದು. ಒಮ್ಮೆ ಬಗ್ಗಿದರೆ ಮುಗೀತು, ಹಾಗೇ ಇರಬೇಕು. ದೊಡ್ಡ ಶಾಸ್ತ್ರ."

ಅವಳಿಗೆ ನನ್ನ ಮೇಲೆ ಎಂದೂ ಇಲ್ಲದ ಗೌರವ ಬಂತು. "ಹಾಗಾದ್ರೆ ತೋಟ ಇರಲಿ ಬಿಡಿ," ಎಂದಳು. ನಾನು ಗೆದ್ದೆ! ಅಲ್ಲಿಗೆ ಸುಮ್ಮನಿದ್ದಳೇ? ಫ್ಲಾಸ್ಕ್ ಕೆಳಗಿಟ್ಟು, ಸೆರಗು ಸಿಕ್ಕಿಸಿ, ನನ್ನ ಪಕ್ಕದಲ್ಲೇ ಬಗ್ಗಿದಳು.

ಕಳಕ್!

ಈಗ ಇಬ್ಬರೂ ಮಣ್ಣು ನೋಡುತ್ತ ನಿಂತೆವು. ಅವಳು ಮೆಲ್ಲಗೆ ಕೇಳಿದಳು, "ರೀ, ನಿಮ್ಮ ಶಾಸ್ತ್ರದಲ್ಲಿ ಮೇಲೇಳೋದು ಹೇಗೆ?"

"ಅದನ್ನೇ ಕಣೇ, ನೀನು ಬಂದಾಗಿನಿಂದ ಹುಡುಕ್ತಾ ಇದ್ದೀನಿ!"