ಡೀಕನ್ ತಾತನ ಸಾಲಿನಲ್ಲಿ ಆರಡಿ ಜಾಗದ ಬಗ್ಗೆ

ಇಂದ,
ಚರ್ಚಿನ ಬಟ್ಟೆ ಒಗೆದು ಇಸ್ತ್ರಿ ಹಾಕುವ ಮುದುಕಿ,
ಹಿಂದಿನ ಓಣಿ, ಬೀದಿ ನಲ್ಲಿಯ ಎದುರು ಮನೆ.

ಗೆ,
ದಿವಂಗತ ಡೀಕನ್‌ರವರು (ಹಿಂದೆ ಪಾದ್ರಿಗಳ ಸಹಾಯಕರು),
ಮೊದಲನೆಯ ಸಾಲು, ಬಲಗಡೆಯ ಮೊದಲ ಕಲ್ಲು,
ಚರ್ಚಿನ ಸಮಾಧಿ ತೋಟ.

ವಿಷಯ: ತಾವು ಅರ್ಜಿದಾರಳ ತಾಯಿಯ ತಂದೆ ಹೌದೆಂದು ಒಪ್ಪಿ, ಅರ್ಜಿದಾರಳ ತಂಗಿಗೆ ತಾಯಿಯ ಪಕ್ಕದಲ್ಲಿ ಜಾಗ ಕೊಡಿಸುವ ಬಗ್ಗೆ.

ಉಲ್ಲೇಖ: ಸಮಾಧಿ ತೋಟ ಸಮಿತಿಯ ಕಾರ್ಯದರ್ಶಿಯವರು ಅರ್ಜಿದಾರಳನ್ನು ಹೊಸಿಲ ಹೊರಗೆ ನಿಲ್ಲಿಸಿಕೊಂಡು ಬಾಯಿಮಾತಿನಲ್ಲಿ ನೀಡಿದ ಸೂಚನೆ.

ಮಾನ್ಯರೇ,

ತಮ್ಮ ನಿದ್ದೆ ಕೆಡಿಸುತ್ತಿರುವುದಕ್ಕೆ ಮೊದಲು ಕ್ಷಮೆ ಕೋರಿ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಇದು ಶುರುವಾದದ್ದು ಕಳೆದ ಚಳಿಗಾಲದಲ್ಲಿ, ಬೆಳಗಿನ ಎಂಟರ ಸುಮಾರಿಗೆ. ಅರ್ಜಿದಾರಳು ಪಾದ್ರಿಗಳ ನಿಲುವಂಗಿಗೆ ಗಂಜಿ ಹಾಕಿ ಹಿಂಡುತ್ತಿದ್ದಾಗ ನಿವೃತ್ತ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ಸಮಾಧಿ ತೋಟದಲ್ಲಿ ಜಾಗ ಸಾಲದು; ಆದ್ದರಿಂದ ಮೊದಲನೆಯ ಸಾಲನ್ನು ಡೀಕನ್‌ರ ವಂಶಸ್ಥರಿಗೆ ಮಾತ್ರ ಬಿಡುವುದೆಂದು ಸಮಿತಿ ತೀರ್ಮಾನಿಸಿದೆ; ಆದರೆ ವಂಶಸ್ಥರು ಯಾರೆಂದು ಸಮಿತಿಗೆ ಗೊತ್ತಿಲ್ಲ; ಆದಕಾರಣ ಹುಡುಕಲು ಮೇಷ್ಟ್ರನ್ನೇ ನೇಮಿಸಿದೆ ಎಂದರು.

೨. ಅರ್ಜಿದಾರಳ ತಾಯಿ ಅದೇ ಸಾಲಿನಲ್ಲಿ ತಮ್ಮ ಎಡಗಡೆಗೆ ಮಲಗಿರುವುದು ತಮಗೆ ತಿಳಿದೇ ಇದೆ. ಅವಳ ಆಚೆ ಒಬ್ಬರಿಗೆ ಜಾಗವಿದೆ. ಅರ್ಜಿದಾರಳ ತಂಗಿ ಆಗಲೇ ಹಾಸಿಗೆ ಹಿಡಿದಿದ್ದಳು. ಅವಳಿಗೆ ಉಳಿದಿದ್ದ ಆಸೆ ಒಂದೇ.

“ಅಕ್ಕಾ, ನನ್ನನ್ನ ತೋಟದ ಮೂಲೇಲಿರೋ ಆ ನೀರಿನ ಟ್ಯಾಂಕಿನ ಪಕ್ಕ ಹಾಕ್ಬೇಡ ಕಣೇ. ಜನ್ಮವಿಡೀ ಒದ್ದೆ ಬಟ್ಟೆ ಹಿಂಡಿದ್ದು ಸಾಕು. ಅಮ್ಮನ ಹತ್ರ ಹಾಕು.”

ಅರ್ಜಿದಾರಳು ಆಗಲಿ ಎಂದಳು. ವಂಶವೆಂದ ಮೇಲೆ ನಾವಲ್ಲದೆ ಇನ್ಯಾರು ಎಂಬುದು ಅವಳ ಧೈರ್ಯ.

೩. ಮೇಷ್ಟ್ರು ದೀಕ್ಷಾಸ್ನಾನದ ಹಳೆಯ ಪುಸ್ತಕ ತೆಗೆಸಿ ನೋಡಿದರು. ಪುಟ ಪುಟದಲ್ಲೂ ಮಗುವಿನ ಹೆಸರು, ಎದುರಿಗೆ “ತಂದೆ: ಡೀಕನ್”. ಕೆಲವು ವಾರಗಳಲ್ಲಿ ಎರಡೆರಡು ಮಕ್ಕಳು. ಎಣಿಸುತ್ತ ಹೋದ ಮೇಷ್ಟ್ರು ಮೂವತ್ತು ದಾಟಿದ ಮೇಲೆ ಪುಸ್ತಕ ಮುಚ್ಚಿ ನೀರು ಕೇಳಿದರಂತೆ.

೪. ಸಭೆ ಸೇರಿತು. ಪುಸ್ತಕದ ಪ್ರಕಾರ ಸಭೆಯಲ್ಲಿದ್ದ ಮುಕ್ಕಾಲು ಪಾಲು ಜನ ತಮ್ಮ ಮರಿಮಕ್ಕಳೇ. ಮೊದಲು ಎಲ್ಲರಿಗೂ ಖುಷಿಯಾಗಿ, ತನಗೆ ನೆರಳಿನ ಜಾಗ, ತನಗೆ ಗೇಟಿನ ಹತ್ತಿರದ ಜಾಗ ಎಂದು ಬದುಕಿರುವವರೇ ಕಿತ್ತಾಡಿದರು. ಆಮೇಲೆ ಗಡಿಯಾರ ರಿಪೇರಿಯವನು ಎದ್ದು ನಿಂತ.

“ಕಾರ್ಯದರ್ಶಿಗಳೇ, ನಿಮ್ಮ ಅಪ್ಪನ ಅಪ್ಪ ಈ ಪುಸ್ತಕದಲ್ಲಿದ್ದಾರೆ. ನಿಮ್ಮ ಮನೆಯವರ ಅಪ್ಪನ ಅಪ್ಪನೂ ಇದ್ದಾರೆ. ತಾತಂದಿರು ಅಣ್ಣತಮ್ಮ ಅಂದ್ಮೇಲೆ ನೀವಿಬ್ರೂ ಏನಾಗ್ಬೇಕು?”

ಹಿಂದಿನ ಬೆಂಚಿನಿಂದ ಕಾರ್ಯದರ್ಶಿಯವರ ಹೆಂಡತಿ ಎದ್ದು ಸೆರಗು ಸರಿಮಾಡಿಕೊಂಡು, “ಏಳಿ ಅಣ್ಣಾ, ಮನೆಗೆ ಹೋಗೋಣ” ಎಂದರು.

ಆ ವಾರವಿಡೀ ತಮ್ಮ ಚಾರಿತ್ರ್ಯದ ಬಗ್ಗೆ ಓಣಿಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಅರ್ಜಿದಾರಳ ಕೈ ಬರುತ್ತಿಲ್ಲ. ಪಾದ್ರಿಗಳು ನಿಲುವಂಗಿ ತೊಡುವ ವೆಸ್ಟ್ರಿ ಕೋಣೆಯಲ್ಲಿದ್ದ ತಮ್ಮ ಪಟವನ್ನು ಗೋಡೆಯ ಕಡೆಗೆ ಮುಖ ಮಾಡಿ ತಿರುಗಿಸಿದ್ದು ಮಾತ್ರ ನಿಜ.

೫. ಮೇಷ್ಟ್ರು ಮತ್ತೆ ಬಂದರು. “ಅಜ್ಜಿ, ನಿಮ್ಮಮ್ಮ ಏನಾದ್ರೂ ಹೇಳಿದ್ರಾ? ಇಷ್ಟೊಂದು ಮಕ್ಕಳು ಹೇಗೆ?” ಎಂದು ಕೇಳಿದರು.

ಅರ್ಜಿದಾರಳಿಗೆ ತಡೆಯಲಾಗಲಿಲ್ಲ. ತಾಯಿ ಹೇಳುತ್ತಿದ್ದದ್ದನ್ನು ಹೇಳಿದಳು. ಕಾಲರಾ ಬಂದ ವರ್ಷಗಳಲ್ಲಿ ಜನ ತಬ್ಬಲಿ ಕೂಸುಗಳನ್ನು ಚರ್ಚಿನ ಜಗಲಿಯಲ್ಲಿ ಬಿಟ್ಟು ಹೋಗುತ್ತಿದ್ದರು. ಅಪ್ಪನ ಹೆಸರಿಲ್ಲದ ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲವೆಂದು ಬಿಳಿ ಪಾದ್ರಿಯ ಹಟ. ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದವರು ತಾವು.

“ಇದರಪ್ಪ ಯಾರು?”

“ನಾನೇ, ದೊರೆ.”

“ಮೊನ್ನೆಯದಕ್ಕೂ ನೀನೇ ಅಂದೆಯಲ್ಲ?”

“ಅದಕ್ಕೂ ನಾನೇ, ದೊರೆ.”

ಪಾದ್ರಿ ಬರೆದುಕೊಂಡ. ಹೀಗೆ ಬಂದವರಲ್ಲಿ ಅರ್ಜಿದಾರಳ ತಾಯಿಯೂ ಒಬ್ಬಳು. ತಮಗೂ ತಮ್ಮ ಮನೆಯವರಿಗೂ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೂ ಇಲ್ಲ.

ಒಳಗಿನಿಂದ ತಂಗಿ ಕೂಗಿದಳು: “ಅಕ್ಕಾ, ಬಾಯಿ ಮುಚ್ಚೇ! ನನ್ನ ಜಾಗ ಹೋಗುತ್ತೆ!”

ಮಾತು ಆಗಲೇ ಬಾಯಿ ದಾಟಿತ್ತು. ತಮ್ಮ ಮಾನ ಉಳಿಯಿತು, ತಂಗಿಯ ಜಾಗ ಹೋಯಿತು. ಅವಳು ಎರಡು ದಿನ ಅರ್ಜಿದಾರಳ ಕೈಯಿಂದ ಗಂಜಿ ಕುಡಿಯಲಿಲ್ಲ.

೬. ಮತ್ತೆ ಸಭೆ. ತಮ್ಮ ಪಟವನ್ನು ಈ ಕಡೆ ತಿರುಗಿಸಲಾಯಿತು. ಕಾರ್ಯದರ್ಶಿಯವರ ತಂಗಿ ಪುನಃ ಹೆಂಡತಿಯಾದರು. ಡೀಕನ್‌ರಿಗೆ ವಂಶವೇ ಇಲ್ಲವಾದ ಕಾರಣ ಮೊದಲನೆಯ ಸಾಲನ್ನು ಮುಚ್ಚಿ ಹೂವಿನ ಕುಂಡ ಇಡುವುದೆಂದೂ, ಈಗಾಗಲೇ ಮಲಗಿರುವವರನ್ನು ದೊಡ್ಡ ಮನಸ್ಸು ಮಾಡಿ ಎಬ್ಬಿಸದಿರುವುದೆಂದೂ ಠರಾವಾಯಿತು.

೭. ಅರ್ಜಿದಾರಳು ಕಾರ್ಯದರ್ಶಿಯವರ ಮನೆಗೆ ಹೋದಳು.

“ರಕ್ತಸಂಬಂಧ ಬೇಕು ಅಜ್ಜಿ. ಇಲ್ಲ ಅಂತ ನೀವೇ ತಾನೇ ಹೇಳಿದ್ದು?”

“ಹೌದಪ್ಪಾ. ಆದ್ರೆ ನಮ್ಮಮ್ಮ ಅವರನ್ನ ಅಪ್ಪಾ ಅಂತಾನೇ ಕರೀತಿದ್ಲು. ಅವರು ತೀರ್ಕೊಂಡಾಗ ತಲೆ ಹತ್ರ ಕೂತವಳು ಅವಳೇ.”

“ಕರೆದ್ರೆ, ಕೂತ್ರೆ ಆಗಿಬಿಡುತ್ತಾ? ಅಷ್ಟು ಬೇಕಾಗಿದ್ರೆ ಹೋಗಿ ಡೀಕನ್ ಹತ್ರಾನೇ ಬರೆಸ್ಕೊಂಡು ಬನ್ನಿ!”

ಹಾಗೆಂದು ಬಾಗಿಲು ಹಾಕಿಕೊಂಡರು. ದೊಡ್ಡವರ ಸೂಚನೆಯನ್ನು ಮೀರುವ ಅಭ್ಯಾಸ ಅರ್ಜಿದಾರಳಿಗೆ ಇಲ್ಲ. ಕಾರಣ ಈ ಅರ್ಜಿ.

ಆದ್ದರಿಂದ ತಾವು ದಯವಿಟ್ಟು ಮೇಲ್ಕಂಡ ಸಂಬಂಧವನ್ನು ಒಪ್ಪಿ, ತಂಗಿಯ ಜಾಗವನ್ನು ಮಂಜೂರು ಮಾಡಬೇಕು. ತಮಗೆ ಈಗ ಬರೆದು ಕೊಡುವುದು ಕಷ್ಟವೆಂದು ಅರ್ಜಿದಾರಳು ಬಲ್ಲಳು. ಸಮಿತಿಯವರು ಅಂಟಿಸುವ ಪ್ರತಿಯೊಂದು ನೋಟೀಸಿನ ಕೆಳಗೆ “ಆಕ್ಷೇಪಣೆ ಬಾರದಿದ್ದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಲಾಗುವುದು” ಎಂದು ಅಚ್ಚಾಗಿರುತ್ತದೆ. ಆ ಪ್ರಕಾರ, ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ತಮ್ಮಿಂದ ಯಾವ ಆಕ್ಷೇಪಣೆಯೂ ಬಾರದಿದ್ದರೆ ಒಪ್ಪಿಗೆ ಸಿಕ್ಕಿದೆಯೆಂದು ತಿಳಿಯಲಾಗುವುದು. ಗುಂಡಿ ತೋಡುವವನಿಗೆ ಹೇಳಿ ಆಗಿದೆ. ಸದ್ದಾದರೆ ಬೇಸರ ಮಾಡಿಕೊಳ್ಳಬಾರದಾಗಿ ವಿನಂತಿ.

ತಮ್ಮ ವಿಶ್ವಾಸದ ಮೊಮ್ಮಗಳು
(ಸಮಿತಿಯ ಪ್ರಕಾರ ಏನೂ ಅಲ್ಲ)

ಲಗತ್ತುಗಳು:
ಈ ಅರ್ಜಿಯ ನಕಲು ಒಂದು: ಕಾರ್ಯದರ್ಶಿಯವರ ಬಾಗಿಲಿಗೆ.
ಕನ್ನಡಕ ಒಂದು: ತಾವು ಓದಿಕೊಳ್ಳಲು. ತಂಗಿಯದು. ವಾಪಸು ಕೊಡಬೇಕಾಗಿಲ್ಲ. ಅವಳು ಇಂದು ಬುಧವಾರ ಬೆಳಗಿನ ಜಾವ ಹೋದಳು.